ಮಳೆ ಬಂದ ದಿನ ಮನೆ ನೋಡು

ಮೊನ್ನೆ ಭಾನುವಾರ ಸಂಜೆ ಅಮಾನಿಕೆರೆ ಏರಿ ಮೇಲೆ ನಡೆಯುತ್ತಿದ್ದೆವು. ನಾನು, ನನ್ನ ಚಿಕ್ಕಮ್ಮನ ಮಗಳು, ಹಿಂದೆ ನಮ್ಮಿಬ್ಬರ ಮಕ್ಕಳು. ಆಷಾಢದ ಗಾಳಿ ದುಪಟ್ಟಾ ನಿಲ್ಲೋಕೆ ಬಿಡುತ್ತಿರಲಿಲ್ಲ. ಅವಳು ಚೀನಾದ ಗುವಾಂಗ್‌ಝೌನಲ್ಲಿದ್ದಾಳೆ, ಎರಡು ವರ್ಷ ಆಯಿತು. ಗಂಡನ ಕಂಪನಿ ಈಗ ಅವರನ್ನು ಸುಝೌಗೆ ವರ್ಗ ಮಾಡಿದೆ. ನಾನು ಸುಝೌನಲ್ಲೇ ಇರುವವಳು, ಈಗ ರಜೆಗೆ ತುಮಕೂರಿಗೆ ಬಂದಿದ್ದೇನೆ ಅಂತ ಗೊತ್ತಾಗಿ ಶಿರಾದಿಂದ ಬಸ್ ಹತ್ತಿ ಬಂದಿದ್ದಳು. ಮೊಬೈಲ್ ತೆಗೆದು ಒಂದಾದ ಮೇಲೊಂದು ಫ್ಲ್ಯಾಟ್ ತೋರಿಸಿದಳು.

"ಅಕ್ಕ, ಇದು ನೋಡು, ಹೊಸ ಬಿಲ್ಡಿಂಗು. ಇದರಲ್ಲಿ ಸ್ವಿಮ್ಮಿಂಗ್ ಪೂಲ್ ಇದೆ. ಅಲ್ಲಿ ನಮ್ಮ ಇಂಡಿಯಾದವರು ಯಾವ ಕಡೆ ಜಾಸ್ತಿ ಇದ್ದಾರೆ?"

ಅವಳು ತೋರಿಸಿದ ಪ್ರತಿ ಫೋಟೊದಲ್ಲೂ ಬಿಸಿಲಿತ್ತು. ನನಗೆ ಸುಝೌನ ನಮ್ಮ ಮೊದಲ ಮನೆ ನೆನಪಾಯಿತು. ಅದರ ವಿಡಿಯೊದಲ್ಲೂ ಹೀಗೇ ಬಿಸಿಲಿತ್ತು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚೀನಾದಲ್ಲೇ ಒಂದೂರು ಬಿಟ್ಟು ಇನ್ನೊಂದೂರಿಗೆ ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ಯಾರಾದರೂ ಓದಿದರೆ ಉಪಯೋಗ ಆಗಲಿ.

ನಾವು ಶೆನ್‌ಝೆನ್ ಬಿಟ್ಟಿದ್ದು 2023ರ ಆಗಸ್ಟ್‌ನಲ್ಲಿ. ಯಜಮಾನರು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಮಗಳಿಗೆ ಆಗ ಏಳು ವರ್ಷ, ಮಗನಿಗೆ ಎರಡು. ದೇಶ ಅದೇ, ದುಡ್ಡು ಅದೇ, ಫೋನಿನಲ್ಲಿರೋ ಆ್ಯಪ್‌ಗಳೂ ಅವೇ. ಸಾಮಾನು ಕಟ್ಟಿ ಹೊರಟರೆ ಆಯಿತು ಅಂದುಕೊಂಡಿದ್ದೆವು. ಆದರೆ ಎರಡು ಊರಿಗೂ ಹೋಲಿಕೆಯೇ ಇಲ್ಲ. ಶೆನ್‌ಝೆನ್ ಹಾಂಗ್‌ಕಾಂಗ್ ಪಕ್ಕದ ಊರು. 1980ರಲ್ಲಿ ವಿಶೇಷ ಆರ್ಥಿಕ ವಲಯ ಮಾಡಿದ ಮೇಲೆ ಬೆಳೆದದ್ದು. ಅಲ್ಲಿ ಚಳಿ ಅಂದರೆ ಒಂದು ಸ್ವೆಟರ್ ಸಾಕು. ಸುಝೌ 2,500 ವರ್ಷದ ಊರು, ಶಾಂಘೈಗೆ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್. ಕಾಲುವೆ, ಸೇತುವೆ, ಹಳೇ ತೋಟಗಳ ಊರು. ಚಳಿಗಾಲದಲ್ಲಿ ರಾತ್ರಿ ಸೊನ್ನೆ ಡಿಗ್ರಿಗೆ ಇಳಿಯುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು ಒಂದಿದೆ. ಚೀನಾದಲ್ಲಿ ಛಿನ್‌ಲಿಂಗ್ ಬೆಟ್ಟಸಾಲು ಮತ್ತು ಹುವಾಯ್ ನದಿ ಹಿಡಿದು ಅಡ್ಡಕ್ಕೆ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಉತ್ತರಕ್ಕಿರುವ ಊರುಗಳಲ್ಲಿ ಸರ್ಕಾರದ ವ್ಯವಸ್ಥೆಯಲ್ಲೇ ಮನೆಮನೆಗೆ ಬಿಸಿ ಕೊಳವೆ ಇದೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಮನೆ ಒಳಗೆ ಬೆಚ್ಚಗಿರುತ್ತದೆ. ಸುಝೌ ಗೆರೆಯ ದಕ್ಷಿಣಕ್ಕಿದೆ. ಕೊಳವೆ ಇಲ್ಲ. ಹೊರಗಿನ ಚಳಿಯೇ ಒಳಗೂ. ಗುವಾಂಗ್‌ಝೌನಿಂದಲೋ ಶೆನ್‌ಝೆನ್‌ನಿಂದಲೋ ಬರುವವರಿಗೆ ಇದು ಹೊಳೆಯುವುದೇ ಇಲ್ಲ.

ನಮಗೂ ಹೊಳೆಯಲಿಲ್ಲ. ಏಜೆಂಟ್ ಕಳಿಸಿದ ವಿಡಿಯೊ ನೋಡಿ ಒಪ್ಪಿಕೊಂಡೆವು. ಆರನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿನ ಹಳೇ ಆರು ಮಹಡಿ ಕಟ್ಟಡಗಳಲ್ಲಿ ಬಹಳಷ್ಟಕ್ಕೆ ಲಿಫ್ಟ್ ಇರುವುದಿಲ್ಲ. ಬಾಡಿಗೆ ತಿಂಗಳಿಗೆ 4,200 ಯುವಾನ್. "ಯಾ ಯಿ ಫು ಸಾನ್" ಅಂತ ಅಲ್ಲಿ ರೂಢಿ, ಒಂದು ತಿಂಗಳ ಠೇವಣಿ, ಮೂರು ತಿಂಗಳ ಬಾಡಿಗೆ ಮುಂಗಡ. ಅಂದರೆ ಮೊದಲ ದಿನವೇ 16,800 ಯುವಾನ್. ನಮ್ಮ ದುಡ್ಡಲ್ಲಿ ಎರಡು ಲಕ್ಷದ ಹತ್ತಿರ. ಅದರ ಮೇಲೆ ಏಜೆಂಟ್ ಕಮಿಷನ್ ಬೇರೆ.

ಮಲಗುವ ಕೋಣೆ ಎರಡೂ ಉತ್ತರಕ್ಕಿದ್ದವು. ಡಿಸೆಂಬರ್ ಬಂದಾಗ ಅರ್ಥವಾಯಿತು. ಒಣಗಲು ಹಾಕಿದ ಮಗನ ಬಟ್ಟೆ ಮೂರು ದಿನವಾದರೂ ತಣ್ಣಗೆ ಅಂಟಂಟಾಗಿ ಇರುತ್ತಿತ್ತು. ಮಗಳು ಜಾಕೆಟ್ ಹಾಕಿಕೊಂಡೇ ಹೋಂವರ್ಕ್ ಬರೆಯುತ್ತಿದ್ದಳು. ಅದನ್ನೂ ತಡೆದುಕೊಂಡೆವು. ಜೂನ್ ತಡೆದುಕೊಳ್ಳಲು ಆಗಲಿಲ್ಲ.

ಜೂನ್ ಮಧ್ಯದಿಂದ ಜುಲೈ ಮೊದಲ ಭಾಗದ ತನಕ ಅಲ್ಲಿ ಬಿಡದೆ ಜಡಿಮಳೆ. ಪ್ಲಮ್ ಹಣ್ಣಾಗುವ ಕಾಲದ ಮಳೆ ಅಂತ ಅದನ್ನು "ಮೇಯ್ ಯೂ" ಅನ್ನುತ್ತಾರೆ. ಅದೇ ಉಚ್ಚಾರಕ್ಕೆ ಇನ್ನೊಂದು ಅಕ್ಷರ ಬರೆದರೆ "ಬೂಸ್ಟಿನ ಮಳೆ" ಅಂತ ಅರ್ಥ. ಬೀರುವಿನ ಹಿಂದಿನ ಗೋಡೆ ಮೊದಲು ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪು. ಶೂ ಒಳಗೆ ಬೂಸ್ಟು, ಸ್ಕೂಲ್ ಬ್ಯಾಗಿನ ಪಟ್ಟಿಗೆ ಬೂಸ್ಟು. ಒಂದು ದಿನ ಮದುವೆಯ ಧಾರೆ ಸೀರೆ ತೆಗೆದೆ. ಮಡಿಕೆ ಬಿಚ್ಚುತ್ತಿದ್ದ ಹಾಗೇ ವಾಸನೆ ಬಂತು. ಅಂಚಿನ ಉದ್ದಕ್ಕೂ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಬೆರಳಿಂದ ಒರೆಸಿದರೆ ಹೋಯಿತು, ಆದರೆ ಅಡಿಯಲ್ಲಿ ಜರಿ ಕಪ್ಪಾಗಿತ್ತು. ನೆಲದ ಮೇಲೆ ಸೀರೆ ಹರವಿಕೊಂಡು ಬಹಳ ಹೊತ್ತು ಕೂತಿದ್ದೆ. ಮನೆ ಮಾಲೀಕರಿಗೆ ಹೇಳಿದರೆ ನೀವು ಕಿಟಕಿ ತೆಗೆಯೋದಿಲ್ಲ, ಅದಕ್ಕೇ ಹೀಗೆ ಅಂದರು. ನಾವು ಬರುವ ಮುಂಚೆಯೇ ಆ ಕಪ್ಪಾದ ಜಾಗದಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದು ಆಮೇಲೆ ಕಣ್ಣಿಗೆ ಬಿತ್ತು. ಉಳಿದ ಗೋಡೆಯ ಬಣ್ಣ ಹಳತಾಗಿತ್ತು.

ಆಗ ನೆನಪಾದದ್ದು ಅಪ್ಪ. ತುಮಕೂರಿನ ಎಸ್‌ಐಟಿ ಕಾಲೇಜಿನ ಹತ್ತಿರ ಈಗ ಅಮ್ಮ ಇರುವ ಮನೆಯನ್ನು ಅಪ್ಪ ತೆಗೆದುಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ದುಡ್ಡು ಕೊಡುವ ಮುಂಚೆ ಅಪ್ಪ ಆ ಮನೆಗೆ ನಾಲ್ಕು ಸಲ ಹೋಗಿ ಬಂದರು. ನಲ್ಲಿ ನೀರು ಬರುವ ಹೊತ್ತಿಗೆ ಒಂದು ಸಲ. ರಾತ್ರಿ ಒಂಬತ್ತಕ್ಕೆ ಒಂದು ಸಲ, ಬೀದಿ ದೀಪ ಉರಿಯುತ್ತಾ, ಹೆಣ್ಣುಮಕ್ಕಳು ನಡೆದುಕೊಂಡು ಬರಬಹುದಾ ಅಂತ ನೋಡೋಕೆ. ಭಾನುವಾರ ಮಧ್ಯಾಹ್ನ ಒಂದು ಸಲ, ಅಕ್ಕಪಕ್ಕದವರು ಮನೆಯಲ್ಲಿರುತ್ತಾರೆ ಅಂತ. ನಾಲ್ಕನೇ ಸಲ ಜೋರು ಮಳೆಯಲ್ಲಿ ಕೊಡೆ ಹಿಡಿದು, ಟಾರ್ಚ್ ತೆಗೆದುಕೊಂಡು ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಪ್ರತಿ ಮೂಲೆಗೂ ಟಾರ್ಚ್ ಬಿಟ್ಟು ನೋಡಿ, ಗೋಡೆಗೆ ಅಂಗೈ ಒತ್ತಿ ನೋಡಿದರು. "ಮಳೆ ಬಂದ ದಿನ ಮನೆ ನೋಡಬೇಕು ಕಣಮ್ಮ. ಬಿಸಿಲಲ್ಲಿ ಎಲ್ಲರ ಮನೇನೂ ಚೆನ್ನಾಗೇ ಇರುತ್ತೆ" ಅಂದಿದ್ದರು. ಅಪ್ಪ ಹೋಗಿ ಆರು ವರ್ಷ. ಅವರ ಮಾತು ನನಗೆ ಕೆಲಸಕ್ಕೆ ಬಂದಿದ್ದು ಅಷ್ಟು ದೂರದಲ್ಲಿ.

ಎರಡನೇ ಮನೆ ಹುಡುಕಿದ್ದು 2024ರ ಜುಲೈ ಮೊದಲ ವಾರ, ಆ ಮಳೆಯಲ್ಲೇ. ಈ ಸಲ ವಿಡಿಯೊ ನೋಡಲಿಲ್ಲ. ಮಗನನ್ನು ಎತ್ತಿಕೊಂಡು, ಮಗಳ ಕೈ ಹಿಡಿದುಕೊಂಡು ನಾನೇ ಹೋದೆ. ಬೀರು ಸರಿಸಿ ಹಿಂದೆ ನೋಡಿದೆ, ಅಡುಗೆಮನೆ ಸಿಂಕಿನ ಕೆಳಗೆ ಮೂಸಿ ನೋಡಿದೆ. ಏಜೆಂಟ್ ಹುಡುಗಿಗೆ ಮೊದಲು ಆಶ್ಚರ್ಯ. ಆಮೇಲೆ ಅವಳೂ ಫೋನಿನ ಟಾರ್ಚ್ ಹಾಕಿ ಹಿಡಿದಳು.

ದಿಕ್ಕಿನ ವಿಷಯದಲ್ಲಿ ಚೀನಾದವರ ಮಾತು ಕೇಳಿ. ನಾವು ಪೂರ್ವದ ಬಾಗಿಲು ಅನ್ನುತ್ತೇವಲ್ಲ, ಅವರಿಗೆ ದಕ್ಷಿಣ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆ ಕಡೆ ಕಿಟಕಿ ಇದ್ದರೆ ಬಿಸಿಲು ಮಂಚದ ತನಕ ಬರುತ್ತದೆ. ದಕ್ಷಿಣಕ್ಕೂ ಉತ್ತರಕ್ಕೂ ಕಿಟಕಿ ಇದ್ದು ಗಾಳಿ ಈ ಕಡೆಯಿಂದ ಆ ಕಡೆಗೆ ಹಾದು ಹೋಗುವ ಮನೆಗೆ "ನಾನ್ ಬೇಯ್ ಟೋಂಗ್ ಟೋವ್" ಅನ್ನುತ್ತಾರೆ. ಅದಕ್ಕೆ ಬಾಡಿಗೆ ಜಾಸ್ತಿ, ಮತ್ತು ಆ ಜಾಸ್ತಿಗೆ ಅರ್ಥ ಇದೆ. ಈಗಿನ ಮನೆ ಮೂರನೇ ಮಹಡಿ, 5,600 ಯುವಾನ್. ಈಜುಕೊಳ ಇಲ್ಲ. ಎರಡನೇ ಚಳಿಗಾಲದಲ್ಲಿ ಮಗಳು ಬಾಲ್ಕನಿಯ ಬಿಸಿಲಲ್ಲಿ ಕೂತು ಹೋಂವರ್ಕ್ ಬರೆದಳು.

ಬಡಾವಣೆ ವಿಷಯಕ್ಕೆ ಬರುತ್ತೇನೆ. ನಾವಿರುವುದು ಸುಝೌ ಇಂಡಸ್ಟ್ರಿಯಲ್ ಪಾರ್ಕ್‌ನಲ್ಲಿ. ಹೆಸರು ಕೇಳಿ ವಸಂತನರಸಾಪುರದ ತರಹ ಬರೀ ಕಾರ್ಖಾನೆ ಅಂದುಕೊಳ್ಳಬೇಡಿ, ಅದೊಂದು ಇಡೀ ಊರು. 1994ರಲ್ಲಿ ಚೀನಾ, ಸಿಂಗಪುರ ಎರಡೂ ಸೇರಿ ಶುರು ಮಾಡಿದ್ದು. ಸಿಂಗಪುರದಿಂದ ಅವರು ತಂದ ಒಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು, "ಲಿನ್‌ಲಿ ಝೋಂಗ್‌ಶಿನ್", ಅಂದರೆ ನೆರೆಹೊರೆ ಕೇಂದ್ರ. ಒಂದಷ್ಟು ಬಡಾವಣೆಗಳ ನಡುವೆ ಒಂದು ಕಟ್ಟಡ. ತರಕಾರಿ ಮಾರುಕಟ್ಟೆ, ಔಷಧಿ ಅಂಗಡಿ, ಬ್ಯಾಂಕ್, ಕ್ಷೌರದ ಅಂಗಡಿ, ತಿಂಡಿ ಅಂಗಡಿ ಎಲ್ಲ ಅಲ್ಲೇ. ನಮ್ಮ ಮನೆಯಿಂದ ಮಗನ ನಡಿಗೆಯಲ್ಲಿ ಒಂಬತ್ತು ನಿಮಿಷ. ನನ್ನ ನಡಿಗೆಯಲ್ಲಿ ಅಳೆದರೆ ಆಗುವುದಿಲ್ಲ, ಮಗು ಜೊತೆಯಲ್ಲೇ ಅಳೆಯಬೇಕು. ಮಾರುಕಟ್ಟೆ, ಶಿಶುವಿಹಾರ, ಆಟದ ಜಾಗ, ಮೆಟ್ರೊ, ಈ ನಾಲ್ಕೂ ಮಗು ನಡೆಯುವ ದೂರದಲ್ಲಿದ್ದರೆ ಅಪರಿಚಿತ ಊರು ಆರು ತಿಂಗಳಲ್ಲಿ ನಮ್ಮದಾಗುತ್ತದೆ.

ತಂಗಿ ಕೇಳಿದ್ದಳಲ್ಲ, ಇಂಡಿಯಾದವರು ಎಲ್ಲಿ ಜಾಸ್ತಿ ಅಂತ. ನಮ್ಮವರು ಬೇಕು, ಬೇಡ ಅನ್ನುವುದಿಲ್ಲ. ಹಬ್ಬಕ್ಕೆ ಒಬ್ಬಟ್ಟು ಹಂಚಿಕೊಳ್ಳೋಕೆ ಜನ ಬೇಕೇ ಬೇಕು. ಆದರೆ ಅವರು ಮೆಟ್ರೊದಲ್ಲಿ ಅರ್ಧ ಗಂಟೆ ದೂರ ಇದ್ದರೂ ನಡೆಯುತ್ತದೆ. ದಿನಾ ಸಂಜೆ ಏಳಕ್ಕೆ ಕೆಳಗೆ ಇಳಿದರೆ ಮಗುವಿಗೆ ಆಡಲು ಯಾರು ಸಿಗುತ್ತಾರೆ ಅನ್ನುವುದು ದೊಡ್ಡ ಪ್ರಶ್ನೆ. ನಮ್ಮ ಕಾಂಪೌಂಡಿನಲ್ಲಿ ಆ ಹೊತ್ತಿಗೆ ಅಜ್ಜಿಯರು ಹಾಡು ಹಾಕಿಕೊಂಡು ಸಾಲಾಗಿ ಕುಣಿಯುತ್ತಾರೆ, ಅಜ್ಜಂದಿರು ಮೊಮ್ಮಕ್ಕಳ ಸೈಕಲ್ ಹಿಂದೆ ಓಡುತ್ತಾರೆ. ಅದನ್ನು ನೋಡಿಯೇ ನಾನು ಹೂಂ ಅಂದಿದ್ದು.

ಕಾಗದ ಪತ್ರದ ಮಾತು ಬೇಗ ಹೇಳಿಬಿಡುತ್ತೇನೆ. ಮನೆ ಬದಲಾಯಿಸಿದರೆ 24 ಗಂಟೆ ಒಳಗೆ ಆ ಪ್ರದೇಶದ ಪೊಲೀಸ್ ಠಾಣೆಯಲ್ಲಿ ವಿಳಾಸ ನೋಂದಾಯಿಸಬೇಕು. ನೆಂಟರ ಮನೆಯಲ್ಲಿ ಉಳಿದರೂ ಅಷ್ಟೇ. ಅದಕ್ಕೆ ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿ ಮತ್ತು ಮನೆ ಪತ್ರದ ನಕಲು ಕೇಳುತ್ತಾರೆ. ಅದನ್ನು ಕೊಡುತ್ತೀರಾ ಅಂತ ಮುಂಗಡ ಕೊಡುವ ಮುಂಚೆಯೇ ಮಾಲೀಕರನ್ನು ಕೇಳಿ. ಕಂಪನಿ ಬಾಡಿಗೆ ಕೊಡುವುದಾದರೆ "ಫಾಪಿಯಾವ್" ಅನ್ನುವ ತೆರಿಗೆ ರಸೀದಿಯನ್ನೂ ಆಗಲೇ ಮಾತಾಡಿಕೊಳ್ಳಿ. ವಿಳಾಸ ಬದಲಾದರೆ ವಾಸದ ಪರವಾನಗಿಯಲ್ಲೂ 10 ದಿನದೊಳಗೆ ತಿದ್ದಿಸಬೇಕು.

ಇನ್ನು ಸುತ್ತಾಟ. ನನ್ನ ಅನುಭವದಲ್ಲಿ ಮನೆ ಹುಡುಕೋದೂ ಮಕ್ಕಳನ್ನು ಸುತ್ತಾಡಿಸೋದೂ ಬೇರೆ ಬೇರೆ ಅಲ್ಲ. ಕರಾರಿಗೆ ಸಹಿ ಹಾಕುವ ಮುಂಚಿನ ಭಾನುವಾರ, ಆ ಮನೆಯಿಂದಲೇ ಹೊರಟಿದ್ದೇವೆ ಅಂದುಕೊಂಡು ಒಂದು ಸುತ್ತು ಹೋಗಿ ಬನ್ನಿ. ಮಕ್ಕಳು ವಾಪಸ್ ಬರುವಾಗ ನಿದ್ದೆ ಮಾಡುತ್ತಿದ್ದಾರಾ, ಅಳುತ್ತಿದ್ದಾರಾ ನೋಡಿ, ಗೊತ್ತಾಗುತ್ತದೆ.

ನಾವು ಹಾಗೆ ಹೋಗಿದ್ದು ಮೆಟ್ರೊ 1ನೇ ಲೈನ್‌ನಲ್ಲಿ. 2012ರಲ್ಲಿ ಶುರುವಾದ ಲೈನ್, ಇಂಡಸ್ಟ್ರಿಯಲ್ ಪಾರ್ಕ್ ಕಡೆಯಿಂದ ಹಳೇ ಊರಿನ ನಡುವೆಯೇ ಹಾಯುತ್ತದೆ. ಇಳಿದು ನಡೆದರೆ ಪಿಂಗ್‌ಜಿಯಾಂಗ್ ರಸ್ತೆ, ಪಕ್ಕದಲ್ಲೇ ಕಾಲುವೆ. ಅಲ್ಲಿಂದ ಮುಂದೆ ಸಿಂಹವನ ಅನ್ನುವ ತೋಟ, 1342ರಲ್ಲಿ ಮಾಡಿದ್ದು. ಸುಝೌ ತೋಟ ಅಂದರೆ ಎಲ್ಲರೂ ಮೊದಲು ಹೇಳುವುದು ಹತ್ತಿರದ ಜುವೋಜೆಂಗ್ ಯುವಾನ್. ಅದು ದೊಡ್ಡದು, ಚೆಂದದ್ದು, ಯುನೆಸ್ಕೊ ಪಟ್ಟಿಗೆ 1997ರಲ್ಲೇ ಸೇರಿದ್ದು. ಆದರೆ ಮಕ್ಕಳಿದ್ದರೆ ಸಿಂಹವನಕ್ಕೇ ಮೊದಲು ಹೋಗಿ. ತೂತು ತೂತಿನ ಕಲ್ಲುಗಳನ್ನು ಪೇರಿಸಿ ಗುಹೆ, ಸುರಂಗ, ಹತ್ತೋ ದಾರಿ, ಇಳಿಯೋ ದಾರಿ ಎಲ್ಲ ಮಾಡಿದ್ದಾರೆ. ಒಂದು ಕಡೆ ನುಗ್ಗಿದರೆ ಇನ್ನೆಲ್ಲೋ ತಲೆ ಹೊರಗೆ ಬರುತ್ತದೆ. ನನ್ನ ಮಗಳು ಅಲ್ಲಿ ಎರಡು ಗಂಟೆ ಕಳೆದಳು. ಚಿಕ್ಕವಳಿದ್ದಾಗ ನಾನು ದೇವರಾಯನದುರ್ಗದ ಬಂಡೆ ಸಂದಿಗಳಲ್ಲಿ ನುಸುಳುತ್ತಿದ್ದದ್ದು ನೆನಪಾಯಿತು. ಪಕ್ಕದ ಸುಝೌ ಮ್ಯೂಸಿಯಂ ಕಟ್ಟಿದ ವಾಸ್ತುಶಿಲ್ಪಿ ಐ. ಎಂ. ಪೇ ಅವರ ಕುಟುಂಬಕ್ಕೇ ಹಿಂದೆ ಈ ಸಿಂಹವನ ಸೇರಿತ್ತು. ಹುಡುಗನಾಗಿದ್ದಾಗ ಬೇಸಿಗೆ ರಜೆಯಲ್ಲಿ ಇಲ್ಲೇ ಆಡಿದವರು ಅವರು. ಮ್ಯೂಸಿಯಂ ಉಚಿತ, ಆದರೆ ಸೋಮವಾರ ರಜೆ. ಮೊದಲೇ ಬುಕ್ ಮಾಡದಿದ್ದರೆ ಬಾಗಿಲಿಂದಲೇ ವಾಪಸ್.

ಊಟದ ಬಗ್ಗೆ. ನಾವು ಸಸ್ಯಾಹಾರಿಗಳು. "ವೋ ಚಿ ಸು", ನಾನು ಸೊಪ್ಪು ತರಕಾರಿ ತಿನ್ನುವವಳು ಅಂತ ಹೇಳಿದರೂ ಹೋಟೆಲಿನಲ್ಲಿ ಪಲ್ಯಕ್ಕೆ ಹಂದಿ ಕೊಬ್ಬಿನ ಎಣ್ಣೆ ಬಿದ್ದಿರುತ್ತದೆ. ಅದಕ್ಕೆ ನಾನು ಬೌದ್ಧ ಗುಡಿಗಳ ಜಾಡು ಹಿಡಿದೆ. ಸುಝೌನ ಶಿಯುವಾನ್ ಗುಡಿಯಲ್ಲಿ ಐನೂರು ಅರ್ಹಂತರ ಮೂರ್ತಿಗಳ ದೊಡ್ಡ ಮಂಟಪ ಇದೆ. ಅಲ್ಲಿ ಕಡಿಮೆ ಬೆಲೆಗೆ ಬಿಸಿ ಬಿಸಿ ನೂಡಲ್ಸ್ ಕೊಡುತ್ತಾರೆ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಉದ್ದದ ಬೆಂಚಿನ ಮೇಲೆ ಕೂಲಿಯವರು, ಕಾಲೇಜು ಹುಡುಗರು, ಮುದುಕರು ಎಲ್ಲ ಒಟ್ಟಿಗೆ ಕೂತು ಬಟ್ಟಲು ಎತ್ತಿ ಕುಡಿಯುತ್ತಾರೆ. ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಕೂತ ಹಾಗೆ ನನಗನ್ನಿಸಿತು, ಅಲ್ಲೇ ಕಣ್ಣು ತುಂಬಿ ಬಂತು.

ಅಕ್ಟೋಬರ್ ಮೊದಲ ವಾರ ಮಾತ್ರ ಎಲ್ಲೂ ಹೊರಡಬೇಡಿ. 1ನೇ ತಾರೀಖಿನಿಂದ ರಾಷ್ಟ್ರೀಯ ರಜೆ, ಇಡೀ ದೇಶವೇ ರಸ್ತೆಯಲ್ಲಿರುತ್ತದೆ. ಪಿಂಗ್‌ಜಿಯಾಂಗ್ ರಸ್ತೆಯಲ್ಲಿ ಮಗನನ್ನು ಹೆಗಲ ಮೇಲಿಂದ ಇಳಿಸೋಕೆ ಯಜಮಾನರಿಗೆ ಜಾಗ ಸಿಗಲಿಲ್ಲ. ಆ ರಜೆಗೆ ಬದಲಾಗಿ ಹಿಂದೆ ಮುಂದೆ ಕೆಲವು ಶನಿವಾರ ಭಾನುವಾರ ಕೆಲಸದ ದಿನವಾಗುತ್ತವೆ, ಕ್ಯಾಲೆಂಡರ್ ನೋಡಿಕೊಳ್ಳಿ. ರೈಲಿಗೆ ಮಕ್ಕಳ ಪಾಸ್‌ಪೋರ್ಟ್ ಮರೆಯಬೇಡಿ. 2023ರಿಂದ ಮಕ್ಕಳ ಟಿಕೆಟ್ ಎತ್ತರದ ಲೆಕ್ಕದಲ್ಲಿಲ್ಲ, ವಯಸ್ಸಿನ ಲೆಕ್ಕ. ಆರು ತುಂಬದ ಒಂದು ಮಗುವಿಗೆ ದೊಡ್ಡವರ ಜೊತೆ ಉಚಿತ, ಆರರಿಂದ ಹದಿನಾಲ್ಕರ ತನಕ ಅರ್ಧ.

ಇಷ್ಟೆಲ್ಲ ಊರು ಸುತ್ತಿದರೂ ಮಕ್ಕಳು ಮತ್ತೆ ಮತ್ತೆ ಕೇಳುವುದು ಜಿಂಜಿ ಕೆರೆಯನ್ನೇ. ಸುಮಾರು 7.4 ಚದರ ಕಿಲೋಮೀಟರ್ ನೀರು, ಸುತ್ತ ನಡೆಯೋಕೆ ದಾರಿ, ದಡದಲ್ಲಿ 120 ಮೀಟರ್ ಎತ್ತರದ ಜಯಂಟ್ ವೀಲ್. ಈ ಏಪ್ರಿಲ್‌ನಲ್ಲಿ ಅಮ್ಮ ಮೊದಲ ಸಲ ಚೀನಾಕ್ಕೆ ಬಂದರು. ಕೆರೆ ತೋರಿಸೋಕೆ ಕರೆದುಕೊಂಡು ಹೋದರೆ ಜಯಂಟ್ ವೀಲ್ ಕಡೆ ತಿರುಗಿಯೂ ನೋಡಲಿಲ್ಲ. "ಇದರ ಕೋಡಿ ಎಲ್ಲೇ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವತ್ತು ಸಂಜೆ ತನಕ ಅಮ್ಮ ದಡ ಹಿಡಿದು ಅದನ್ನೇ ಹುಡುಕುತ್ತಿದ್ದರು.

ಅಮ್ಮನಿಗೆ ಅಲ್ಲಿ ಹೊತ್ತು ಹೋಗುತ್ತಾ ಅಂತ ನನಗೆ ದಿಗಿಲಿತ್ತು. ಮೇ ತಿಂಗಳ ಒಂದು ಬೆಳಗ್ಗೆ ಮಗನನ್ನು ಶಿಶುವಿಹಾರಕ್ಕೆ ಬಿಟ್ಟು ಬಂದರೆ ಅಮ್ಮ ಮನೆಯಲ್ಲಿಲ್ಲ. ಗಾಬರಿಯಾಗಿ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕೆಳಗೆ ಕಲ್ಲು ಬೆಂಚಿನ ಮೇಲೆ ಎರಡನೇ ಮಹಡಿ ಅಜ್ಜಿಯ ಪಕ್ಕದಲ್ಲಿ ಕೂತಿದ್ದರು. ನಡುವೆ ಒಂದು ಪ್ಲಾಸ್ಟಿಕ್ ಬೇಸಿನ್, ಕಾಲ ಬಳಿ ಹಸಿರು ಕಾಯಿಯ ರಾಶಿ. ಅಲ್ಲಿ ಆ ತಿಂಗಳಲ್ಲಿ ಬರುವ ದಪ್ಪ ಕಾಳಿನ ಕಾಯಿ ಅದು, ನಮ್ಮ ಅವರೆಗಿಂತ ಅಗಲ. ಅಜ್ಜಿ ಕಾಯಿ ಬಿಡಿಸಿ, ಕಾಳಿನ ತುದಿಯ ಕಪ್ಪು ಗೆರೆಗೆ ಉಗುರು ಹಾಕಿ, ಎರಡು ಬೆರಳಲ್ಲಿ ಅದುಮುತ್ತಿದ್ದರು. ಸಿಪ್ಪೆ ಕೈಯಲ್ಲಿ, ಎಳೇ ಹಸಿರು ಬೇಳೆ ಬೇಸಿನ್‌ಗೆ. ನಾನು ಓಡಿ ಇಳಿಯುವ ಹೊತ್ತಿಗೆ ಅಮ್ಮನೂ ಅದುಮುತ್ತಿದ್ದರು, ಅಜ್ಜಿಗಿಂತ ಬೇಗ.

"ನೋಡೇ, ಇವರೂ ಹಿದುಕ್ತಾರೆ ಕಣೇ!" ಅಂದರು. "ಹಿದುಕಿದ ಬೇಳೆ ಇವರಿಗೂ ಗೊತ್ತು."

ಅಜ್ಜಿಗೆ ಕನ್ನಡ ಬರಲ್ಲ, ಅಮ್ಮನಿಗೆ ಚೀನಿ ಭಾಷೆ ಬರಲ್ಲ. ಆ ಅಜ್ಜಿಯ ಸುಝೌ ಮಾತು ನನಗೇ ಅರ್ಧ ಅರ್ಥ ಆಗಲ್ಲ. ಅವತ್ತಿಂದ ಅಮ್ಮ ದಿನಾ ಒಂಬತ್ತಕ್ಕೆ ಕೆಳಗೆ. ಮಾರುಕಟ್ಟೆಗೂ ಒಟ್ಟಿಗೆ ಹೋಗುತ್ತಿದ್ದರು. ಒಂದು ದಿನ ಕೆಂಪು ದಂಟಿನ ಸೊಪ್ಪಿನ ಕಟ್ಟು ಎತ್ತಿ ಹಿಡಿದುಕೊಂಡು ಬಂದರು, ಬಂಗಾರ ಸಿಕ್ಕವರ ಹಾಗೆ. ಹಿದುಕಿದ ಬೇಳೆ ಸಾರು ಮಾಡಿ ಒಂದು ಬಟ್ಟಲು ಕೆಳಗೆ ಕಳಿಸಿದರು. ಬಟ್ಟಲು ಖಾಲಿ ವಾಪಸ್ ಬರಲಿಲ್ಲ, ಅದರಲ್ಲಿ ಲೊಕಾಟ್ ಹಣ್ಣು ಇತ್ತು. ಲಿಫ್ಟ್ ಇಲ್ಲದ ಆ ಆರನೇ ಮಹಡಿಯಲ್ಲೇ ಇದ್ದಿದ್ದರೆ ಅಮ್ಮನ ಮಂಡಿ ನೋವಿಗೆ ಇದ್ಯಾವುದೂ ಆಗುತ್ತಿರಲಿಲ್ಲ.

ಇದನ್ನೆಲ್ಲ ಕೇಳಿ ತಂಗಿ ಸುಮ್ನೆ ನಡೆಯುತ್ತಿದ್ದಳು. ಮಕ್ಕಳು ಮುಂದೆ ಓಡಿ ಬಾತುಕೋಳಿ ಎಣಿಸುತ್ತಿದ್ದರು.

"ಅಕ್ಕ, ನಾವು ಹೋಗೋದು ಸೆಪ್ಟೆಂಬರ್‌ನಲ್ಲಿ. ಮಳೆ ಮುಗಿದಿರುತ್ತಲ್ಲ, ಹೇಗೆ ನೋಡೋದು?"

ಮೂಲೆಯಲ್ಲಿ ಮಾತ್ರ ಹೊಸ ಬಣ್ಣ ಇದೆಯಾ ನೋಡು ಅಂದೆ. ಬೀರು ಸರಿಸು. ಬೀಗ ಹಾಕಿದ ಬಾಗಿಲು ತೆಗೆದ ತಕ್ಷಣ ಬರುವ ವಾಸನೆಯನ್ನು ನಂಬು. ಅದೇ ಕಟ್ಟಡದ ಕೆಳಗೆ ಕೂತಿರೋ ಅಜ್ಜಿಯರನ್ನು ಕೇಳು, ಅವರು ಸುಳ್ಳು ಹೇಳಲ್ಲ. ಎಲ್ಲಕ್ಕಿಂತ ಮೊದಲು ಹದಿನೈದು ದಿನ ನಮ್ಮ ಮನೆಯಲ್ಲೇ ಉಳಿದುಕೊಂಡು ನಿಧಾನವಾಗಿ ಹುಡುಕು. ಬಂದಿಳಿದ ತಕ್ಷಣ ಠಾಣೆಗೆ ಹೋಗಬೇಕು, ಪಾಸ್‌ಪೋರ್ಟ್ ಕೈಚೀಲದಲ್ಲೇ ಇಟ್ಟುಕೋ.

ಮಾರನೇ ದಿನ ಬೆಳಗ್ಗೆ ಬಸ್ ಹತ್ತಿಸೋಕೆ ಹೋಗಿದ್ದೆ. ಅಮ್ಮ ಅವಳ ಚೀಲಕ್ಕೆ ಎರಡು ಕೆ.ಜಿ. ತೊಗರಿಬೇಳೆ ತುಂಬಿದ್ದರು. ಅಲ್ಲಿನ ನಮ್ಮ ಮಾರುಕಟ್ಟೆಯಲ್ಲಿ ಹೆಸರು ಸಿಗುತ್ತದೆ, ತೊಗರಿ ಸಿಗೋದಿಲ್ಲ. ಬಸ್ ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು.

"ಅಕ್ಕ, ದೊಡ್ಡಪ್ಪನ ಟಾರ್ಚ್ ಇನ್ನೂ ಇದೆಯಾ?"